ನ್ಯಾನೋ ತಾಮ್ರ: ಅವಸರ ಬೇಡ, ಅಸಡ್ಡೆಯೂ ಬೇಡ



ಮಳೆಗಾಲಕ್ಕೆ ಮುನ್ನ ಮೈಲುತುತ್ತ, ಸುಣ್ಣ ತರಿಸುವ ಗಡಿಬಿಡಿಯಲ್ಲಿದ್ದಾಗ ಮಾರಾಟಗಾರರೊಬ್ಬರು ಸಂಘದ ಕಚೇರಿಗೆ ಬಂದರು. ಕೈಯಲ್ಲೊಂದು ಪೊಟ್ಟಣ. "ಎಲೆಯ ರಸದಿಂದ ಮಾಡಿದ ನ್ಯಾನೋ ತಾಮ್ರ. ವಿಷವಲ್ಲ. ಇದಿದ್ದರೆ ಬೋರ್ಡೋ ಬೇಕಿಲ್ಲ" ಎಂದರು. ಸಂಘದಲ್ಲಿ ಮಾರಾಟಕ್ಕಿಡಲು ನಾನು ಒಪ್ಪಲಿಲ್ಲ. ಏಕೆಂದು ಹಲವು ಸದಸ್ಯರು ಕೇಳಿದ್ದರಿಂದ ಈ ನಾಲ್ಕು ಮಾತು.

ಈ ವಿದ್ಯೆ ಸುಳ್ಳಲ್ಲ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಗುಲಿದರೆ ಕಪ್ಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಚೊಗರಿನ ಟ್ಯಾನಿನ್ ಲೋಹವನ್ನು ಹಿಡಿಯುತ್ತದೆ. ಸಸ್ಯಗಳ ಇಂಥ ಗುಣವನ್ನೇ ವಿಜ್ಞಾನಿಗಳು ಬಳಸಿಕೊಂಡಿದ್ದಾರೆ. ಎಲೆ, ಸಿಪ್ಪೆಗಳನ್ನು ಕುದಿಸಿ ಸೋಸಿದ ಕಷಾಯಕ್ಕೆ ಸತುವಿನ ಅಥವಾ ತಾಮ್ರದ ಲವಣವನ್ನು ಬೆರೆಸಿ ಕಾಯಿಸುತ್ತಾರೆ. ತಳದಲ್ಲಿ ನಿಂತದ್ದನ್ನು ಒಣಗಿಸಿ, ಹಲವು ವೇಳೆ 400–500 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಆಗ ದೊರೆಯುವ ಆಕ್ಸೈಡ್ ಕಣಗಳ ಗಾತ್ರ ಸುಮಾರು 1ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ಕಣ ಕಿರಿದಾದಷ್ಟೂ ಅದೇ ತೂಕಕ್ಕೆ ಮೈ ಹೆಚ್ಚು, ಕೆಲಸವೂ ಹೆಚ್ಚು. ಪ್ರಯೋಗಾಲಯದ ತಟ್ಟೆಯಲ್ಲಿ ಇವು ಶಿಲೀಂಧ್ರ, ಬ್ಯಾಕ್ಟೀರಿಯಗಳನ್ನು ತಡೆದಿವೆ. ಬೆಳಕಿನಲ್ಲಿ ನೀರಿನ ಬಣ್ಣದ ಕಲ್ಮಶವನ್ನು ಕಳೆದಿವೆ.

ಆದರೆ 'ಹಸಿರು' ಎಂಬ ಮಾತು ತಯಾರಿಸುವ ವಿಧಾನಕ್ಕೆ ಸಲ್ಲುತ್ತದೆಯೇ ಹೊರತು ಸರಕಿಗಲ್ಲ. ಕಷಾಯದಲ್ಲಿ ಮಿಂದರೂ ತಾಮ್ರ ತಾಮ್ರವೇ. ಮಣ್ಣಿಗೆ ಬಿದ್ದರೆ ಅದು ಕೊಳೆಯದು. ಎರೆಹುಳುವಿಗೆ, ಹಳ್ಳದ ಮೀನಿಗೆ, ಮರದ ಮೇಲೆ ಕುಳಿತು ಔಷಧಿ ಹೊಡೆಯುವವನ ಶ್ವಾಸಕೋಶಕ್ಕೆ ಏನಾಗುತ್ತದೆಂದು ಪರೀಕ್ಷಿಸಲೇಬೇಕು. ಎಲೆಯ ಸತ್ವ ಋತುವಿನಿಂದ ಋತುವಿಗೆ ಬದಲಾಗುವುದರಿಂದ ಒಂದು ಸಲದ ಪುಡಿಯಂತೆ ಮತ್ತೊಂದು ಸಲದ್ದು ಇರಲಾರದು. ತಟ್ಟೆಯಲ್ಲಿ ಶಿಲೀಂಧ್ರ ಸತ್ತಿತೆಂದರೆ ಆಷಾಢದ ಮಳೆಯಲ್ಲಿ ಕೊನೆಯ ಮೇಲಿನ ಕೊಳೆ ನಿಂತಿತೆಂದು ಅರ್ಥವಲ್ಲ.

ಬೋರ್ಡೋ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಪ್ರಕಟಿಸಿದ್ದು ದ್ರಾಕ್ಷಿಗೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಡಾ. ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ ಅದನ್ನು ಅಡಿಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ನಮ್ಮ ಮರಗಳ ಮೇಲೆ ಪರೀಕ್ಷೆಗೊಂಡು ಗೆದ್ದದ್ದು.

1968ರ ಕೀಟನಾಶಕ ಕಾಯಿದೆಯಂತೆ ನೋಂದಣಿಯಿಲ್ಲದ ಔಷಧಿಯನ್ನು ಮಾರುವಂತಿಲ್ಲ. ನ್ಯಾನೋ ಕೃಷಿ ಸಾಮಗ್ರಿಗಳ ಪರಿಶೀಲನೆಗೆ ಕೇಂದ್ರ ಸರ್ಕಾರ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನೋಂದಣಿ ಸಂಖ್ಯೆ ಕೇಳಿದಾಗ ಆ ಮಾರಾಟಗಾರರು ತೋರಿಸಿದ್ದು ಪ್ರಯೋಗಾಲಯದ ಒಂದು ವರದಿಯನ್ನು ಮಾತ್ರ.

ಹಾಗೆಂದು ಬಾಗಿಲು ಮುಚ್ಚಬೇಕಿಲ್ಲ. ವರ್ಷವರ್ಷವೂ ತಾಮ್ರ ಸುರಿದ ನಮ್ಮ ಮಣ್ಣಿಗೆ ಅದರ ಪ್ರಮಾಣ ಇಳಿಸುವ ದಾರಿ ಬೇಕೇ ಬೇಕು. ನಾವು ಚೆಲ್ಲುವ ಚೊಗರು, ಕಾಫಿ ಹಣ್ಣಿನ ಸಿಪ್ಪೆ ಇಂಥ ತಯಾರಿಕೆಗೆ ಒದಗಿದರೆ ಇನ್ನೂ ಸಂತೋಷ. ಸಂಶೋಧನಾ ಕೇಂದ್ರಗಳಿಗೆ ಬರೆದು, ಬೋರ್ಡೋ ಹೊಡೆದ ಸಾಲಿನ ಪಕ್ಕದಲ್ಲೇ ಅವರ ಉಸ್ತುವಾರಿಯಲ್ಲಿ ಪ್ರಯೋಗ ನಡೆಸಲು ಕೆಲವು ಮರಗಳನ್ನು ಬಿಟ್ಟುಕೊಡೋಣವೆಂದು ಮುಂದಿನ ಮಹಾಸಭೆಯಲ್ಲಿ ಸೂಚಿಸಲಿದ್ದೇನೆ. ನನ್ನ ತೋಟದಿಂದ ಹತ್ತು ಮರ.

ಗೆದ್ದರೆ ಮೊದಲ ಪೊಟ್ಟಣವನ್ನು ನಾನೇ ಕೊಳ್ಳುವೆ. ಅಲ್ಲಿಯವರೆಗೆ ಈ ಮಳೆಗಾಲಕ್ಕೆ ಬೋರ್ಡೋ ಬಿಡಬೇಡಿ. ಒಂದು ಮಳೆಗಾಲ ಕೈಕೊಟ್ಟರೆ ಎರಡೆಕರೆಯವನಿಗೆ ಹೋಗುವುದು ವರ್ಷದ ಅನ್ನ.

— ಕಾರ್ಯದರ್ಶಿ