ಮಸುಕು ಬಳಿದರೆ ಅಳಿಸಿದಂತಲ್ಲ

ಕಂಪ್ಯೂಟರ್ ಪರದೆಯ ಚಿತ್ರ ತೆಗೆಯುವುದು ಈಗ ಮೂರು ಕೀಲಿಗಳ ಕೆಲಸ. ವಿಂಡೋಸ್ ಕೀಲಿಯ ಜೊತೆಗೆ ಶಿಫ್ಟ್ ಮತ್ತು ಎಸ್ ಒತ್ತಿ, ಬೇಕಾದ ಭಾಗವನ್ನು ಮೌಸ್‌ನಿಂದ ಗುರುತಿಸಿದರೆ ಸ್ಕ್ರೀನ್‌ಶಾಟ್ ಸಿದ್ಧ. ಶುಲ್ಕ ಕಟ್ಟಿದ್ದಕ್ಕೆ, ಅರ್ಜಿ ಸಲ್ಲಿಸಿದ್ದಕ್ಕೆ, ಜಾಲತಾಣ ಕೈಕೊಟ್ಟಿದ್ದಕ್ಕೆ ಎಲ್ಲರೂ ಕೇಳುವುದು ಅದನ್ನೇ. ಕಳಿಸುವವರು ತಕ್ಕಮಟ್ಟಿಗೆ ಎಚ್ಚರವನ್ನೂ ವಹಿಸುತ್ತಾರೆ: ಖಾತೆ ಸಂಖ್ಯೆಯ ಮೇಲೆ ಮಸುಕು ಬಳಿಯುತ್ತಾರೆ, ಬೇಡದ ಅಂಚನ್ನು ಕತ್ತರಿಸುತ್ತಾರೆ. ಆದರೆ ಕಣ್ಣಿಗೆ ಕಾಣದಂತೆ ಮಾಡುವುದಕ್ಕೂ ಕಡತದಿಂದ ಅಳಿಸುವುದಕ್ಕೂ ಬಹಳ ಅಂತರವಿದೆ. ಈ ಅಂತರವನ್ನು ನಮ್ಮ ಕಂಪ್ಯೂಟರ್ ಶಿಕ್ಷಣ ಕಲಿಸಬೇಕು, ಸ್ಕ್ರೀನ್‌ಶಾಟ್ ಕೇಳುವ ಕಚೇರಿಗಳು ಅರಿಯಬೇಕು, ತಂತ್ರಾಂಶ ತಯಾರಕರು ಗೌರವಿಸಬೇಕು.

ಕತ್ತರಿಸುವುದನ್ನೇ ನೋಡೋಣ. 2023ರ ಮಾರ್ಚ್‌ನಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬ್ಯುಕ್ಯಾನನ್ ಎಂಬ ಸಂಶೋಧಕರು ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸೌಲಭ್ಯದಲ್ಲಿದ್ದ ದೋಷವೊಂದನ್ನು ಬಯಲು ಮಾಡಿದರು. ಕೆಲವೇ ದಿನಗಳಲ್ಲಿ ಅಂಥದ್ದೇ ದೋಷ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ವಿಂಡೋಸ್ 10ರ ಸ್ನಿಪ್ ಆ್ಯಂಡ್ ಸ್ಕೆಚ್‌ನಲ್ಲೂ ಕಂಡುಬಂತು. ಚಿತ್ರವನ್ನು ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದಾಗ, ಹೊಸ ಚಿಕ್ಕ ಚಿತ್ರ ಕಡತದ ಮುಂಭಾಗವನ್ನಷ್ಟೇ ಆಕ್ರಮಿಸುತ್ತಿತ್ತು. ಹಳೆಯ ಚಿತ್ರದ ಬಾಲ ಹಿಂದೆ ಹಾಗೆಯೇ ಉಳಿಯುತ್ತಿತ್ತು. ಪಿಎನ್‌ಜಿ ಕಡತದಲ್ಲಿ ಚಿತ್ರ ಇಲ್ಲಿಗೆ ಮುಗಿಯಿತೆಂದು ಸೂಚಿಸುವ ಗುರುತೊಂದಿರುತ್ತದೆ. ಚಿತ್ರ ತೋರಿಸುವ ತಂತ್ರಾಂಶಗಳು ಆ ಗುರುತಿನ ಬಳಿಯೇ ನಿಲ್ಲುವುದರಿಂದ ಬಳಕೆದಾರರಿಗೆ ಅನುಮಾನವೇ ಬರುತ್ತಿರಲಿಲ್ಲ. ಅದರಾಚೆ ಇಣುಕಿದವರಿಗೆ ಮಾತ್ರ ಕತ್ತರಿಸಿ ಎಸೆದ ಭಾಗದ ಒಂದಷ್ಟು ಪಾಲು ಮರಳಿ ಸಿಗುತ್ತಿತ್ತು. ಬಳಕೆದಾರರು ಮಾಡಬೇಕಾದುದನ್ನೇ ಮಾಡಿದ್ದರು. ನಂಬಿದ ಉಪಕರಣ ಹೇಳಿದ ಕೆಲಸವನ್ನು ಪೂರ್ತಿ ಮಾಡಿರಲಿಲ್ಲ.

ಮಸುಕು ಬಳಿಯುವುದರ ಕಥೆ ಇನ್ನೂ ಸೂಕ್ಷ್ಮ. ಅಕ್ಷರಗಳನ್ನು ಚೌಕಚೌಕವಾಗಿ ಒಡೆದು ತೋರಿಸುವಾಗ ತಂತ್ರಾಂಶ ಪ್ರತಿ ಚೌಕದ ಬಣ್ಣಗಳ ಸರಾಸರಿ ತೆಗೆಯುತ್ತದೆ. ಸರಾಸರಿ ಎಂದರೆ ಮೂಲ ಮಾಹಿತಿಯ ಸಾರಾಂಶ; ಮೂಲದ ಸುಳಿವು ಅದರೊಳಗೇ ಇರುತ್ತದೆ. 2022ರಲ್ಲಿ ಬಿಷಪ್ ಫಾಕ್ಸ್ ಸಂಸ್ಥೆಯ ಡ್ಯಾನ್ ಪೆಟ್ರೊ ಬಿಡುಗಡೆ ಮಾಡಿದ ಅನ್‌ರಿಡ್ಯಾಕ್ಟರ್ ಎಂಬ ಉಪಕರಣ ಇದನ್ನೇ ಬಳಸಿಕೊಂಡಿತು. ಅದು ಒಂದೊಂದು ಅಕ್ಷರವನ್ನೂ ಊಹಿಸಿ, ಅದೇ ಲಿಪಿಶೈಲಿಯಲ್ಲಿ ಬರೆದು, ಅದೇ ರೀತಿ ಮಸುಕು ಮಾಡಿ, ಚಿತ್ರದಲ್ಲಿರುವ ಮಸುಕಿನೊಂದಿಗೆ ತಾಳೆ ನೋಡುತ್ತದೆ. ಪದಗಳಲ್ಲಿ ಊಹೆಗೆ ಹತ್ತಾರು ಅಕ್ಷರಗಳ ಆಯ್ಕೆಯಿದ್ದರೆ, ನಾವು ಮುಚ್ಚಲು ಹೊರಡುವ ಖಾತೆ ಸಂಖ್ಯೆ, ಫೋನ್ ಸಂಖ್ಯೆಗಳಲ್ಲಿ ಪ್ರತಿ ಸ್ಥಾನಕ್ಕೆ ಇರುವುದು ಹತ್ತೇ ಅಂಕಿ. ಯಾವುದು ಹೆಚ್ಚು ಗುಟ್ಟಾಗಿರಬೇಕೋ ಅದನ್ನೇ ಊಹಿಸುವುದು ಹೆಚ್ಚು ಸುಲಭ.

ಹಾಗಾದರೆ ಕಪ್ಪು ಪಟ್ಟಿ ಎಳೆದರೆ ಸಾಕಲ್ಲವೇ? ಸಾಕು, ಅದು ಚಿತ್ರದೊಳಗೇ ಬೆರೆತಿದ್ದರೆ. 2019ರ ಜನವರಿಯಲ್ಲಿ, ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಗೋಪ್ಯ ಸಾಲುಗಳ ಮೇಲೆ ಕಪ್ಪು ಪಟ್ಟಿಗಳಿದ್ದವು. ಪಟ್ಟಿಯ ಕೆಳಗಿನ ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಎಲ್ಲವನ್ನೂ ಓದಬಹುದಿತ್ತು. ನಮ್ಮ ಕಚೇರಿಗಳಲ್ಲಿ ನಿತ್ಯ ಬಳಕೆಯಾಗುವ ವರ್ಡ್, ಪವರ್‌ಪಾಯಿಂಟ್‌ಗಳಲ್ಲೂ ಇಂಥದ್ದೇ ಅಪಾಯವಿದೆ. ಅಲ್ಲಿ ಸ್ಕ್ರೀನ್‌ಶಾಟ್ ಅಂಟಿಸಿ ಅಂಚು ಕತ್ತರಿಸಿದರೆ, ಕತ್ತರಿಸಿದ ಭಾಗವನ್ನು ಅಳಿಸಿಹಾಕುವ ಆಯ್ಕೆಯನ್ನು ಬೇರೆಯಾಗಿ ಒತ್ತದ ಹೊರತು, ಅದು ಕಡತದಲ್ಲೇ ಇರುತ್ತದೆ. ಮುಂದೆ ತಿದ್ದಲು ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು, ಗುಟ್ಟು ಕಾಯಬೇಕಾದವರ ಪಾಲಿಗೆ ಮುಳುವಾಗುತ್ತದೆ.

ಇದೆಲ್ಲ ಅತಿಯಾದ ಭಯ, 2023ರ ದೋಷವನ್ನು ಅದೇ ತಿಂಗಳು ಸರಿಪಡಿಸಲಾಯಿತಲ್ಲ ಎಂಬ ಆಕ್ಷೇಪ ಬರಬಹುದು. ಸರಿಪಡಿಸಿದ್ದು ನಿಜ. ಆದರೆ ತಂತ್ರಾಂಶ ಸರಿಹೋದರೂ ಅದಕ್ಕೆ ಮೊದಲು ಉಳಿಸಿ ಹಂಚಿದ ಕಡತಗಳು ಸರಿಹೋಗುವುದಿಲ್ಲ. ವಾಟ್ಸ್‌ಆ್ಯಪ್‌ನಂಥ ಸೇವೆಗಳು ಫೋಟೊಗಳನ್ನು ಹೊಸದಾಗಿ ಕುಗ್ಗಿಸಿ ಕಳಿಸುತ್ತವೆ ಎಂಬುದೂ ಅರ್ಧ ಸಮಾಧಾನವಷ್ಟೇ. ಡಾಕ್ಯುಮೆಂಟ್ ಎಂದು ಕಳಿಸಿದರೆ, ಇಮೇಲ್‌ಗೆ ಲಗತ್ತಿಸಿದರೆ ಕಡತ ಇದ್ದಂತೆಯೇ ಹೋಗುತ್ತದೆ. ಸಾಮಾನ್ಯರ ಚಿತ್ರವನ್ನು ಯಾರು ಕೆದಕುತ್ತಾರೆ ಎಂಬ ಇನ್ನೊಂದು ವಾದವಿದೆ. ಕೆದಕಲು ಮನುಷ್ಯರು ಕೂರಬೇಕಿಲ್ಲ, ರಾಶಿಗಟ್ಟಲೆ ಚಿತ್ರಗಳನ್ನು ಯಂತ್ರವೇ ಜಾಲಾಡಬಲ್ಲದು. ಬ್ಯಾಂಕಿನವರ ಸೋಗಿನಲ್ಲಿ ಕರೆಮಾಡುವ ವಂಚಕರಿಗೆ ಖಾತೆಯ ಕೆಲವು ಅಂಕಿ, ಒಂದು ಹೆಸರು, ಒಂದು ಊರು ಸಿಕ್ಕರೂ ನಂಬಿಕೆ ಗಳಿಸಲು ಸಾಕು.

ಎಚ್ಚರವಹಿಸಿ ಎಂದು ಜನರಿಗೆ ಹೇಳಿ ಕೈತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ನಕಲನ್ನು ಯಾರಿಗೂ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆ ಎಂದು ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಅದನ್ನು ಹಿಂಪಡೆದು, ಸಾಮಾನ್ಯ ವಿವೇಕ ಬಳಸಿದರೆ ಸಾಕೆಂದಿತು. ಆ ವಿವೇಕವನ್ನು ಬಳಸುವುದು ಹೇಗೆಂಬುದೇ ಜನರಿಗೆ ಬೇಕಾದ ಪಾಠ. ಆ ಪ್ರತಿಯಲ್ಲೇ ಅದರ ತತ್ವವೂ ಇದೆ: ಉಳಿದ 8 ಅಂಕಿಗಳು ದಾಖಲೆ ತಯಾರಾಗುವಾಗಲೇ ಮರೆಯಾಗಿರುತ್ತವೆ, ಆಮೇಲೆ ಮುಚ್ಚುವ ಕೆಲಸ ಉಳಿಯುವುದಿಲ್ಲ.

ಸ್ಕ್ರೀನ್‌ಶಾಟ್‌ಗೂ ಇದೇ ತತ್ವ ಒಪ್ಪುತ್ತದೆ. ಇಡೀ ಪರದೆ ಹಿಡಿದು ಆಮೇಲೆ ಕತ್ತರಿಸುವ ಬದಲು ಬೇಕಾದಷ್ಟನ್ನೇ ಹಿಡಿಯಬೇಕು. ಮುಚ್ಚಲೇಬೇಕಾದರೆ ಪೇಂಟ್‌ನಂಥ ಸರಳ ತಂತ್ರಾಂಶದಲ್ಲಿ ಗಟ್ಟಿ ಕಪ್ಪು ಚೌಕ ತುಂಬಿ, ಪಿಎನ್‌ಜಿ ಆಗಿ ಹೊಸ ಹೆಸರಿನಲ್ಲಿ ಉಳಿಸಬೇಕು. ಪುರಾವೆಯಾಗಿ ಕಳಿಸುವಾಗ ದಿನಾಂಕ, ಮೊತ್ತಗಳನ್ನು ಮುಚ್ಚಬಾರದು, ಅವೇ ಚಿತ್ರದ ಪ್ರಾಣ. ಶಾಲೆಯ ಕಂಪ್ಯೂಟರ್ ತರಗತಿಯಲ್ಲಿ ಇದಕ್ಕೆ ಒಂದು ಅವಧಿ ಮೀಸಲಿಟ್ಟರೆ ಸಾಕು. ವಹಿವಾಟಿನ ಸಂಖ್ಯೆಯೊಂದೇ ಸಾಕಾಗುವ ಕಡೆ ಕಚೇರಿಗಳು ಚಿತ್ರವನ್ನೇ ಕೇಳಬಾರದು. ತಂತ್ರಾಂಶ ತಯಾರಕರಂತೂ ಅಳಿಸು ಎಂದಾಗ ನಿಜಕ್ಕೂ ಅಳಿಸುವ, ಮಸುಕಿನ ಜಾಗದಲ್ಲಿ ಗಟ್ಟಿ ಬಣ್ಣ ತುಂಬುವ ಉಪಕರಣಗಳನ್ನೇ ಮೊದಲ ಆಯ್ಕೆಯಾಗಿ ಕೊಡಬೇಕು. ಕತ್ತರಿಸಿದ್ದು ಹೋಯಿತೆಂದು ನಂಬುವ ಹಕ್ಕು ಕತ್ತರಿಸಿದವರಿಗಿದೆ. ಆ ನಂಬಿಕೆಯನ್ನು ನಿಜ ಮಾಡುವ ಹೊಣೆ ಕತ್ತರಿ ಮಾಡಿಕೊಟ್ಟವರದು.