ಕೈಗುಣವೂ ಕಾರಣವೂ

ದೋಸೆಯ ಹಿಟ್ಟು ಉಬ್ಬಿ ಬಂದರೆ ಅದು ಅತ್ತೆಯ ಕೈಗುಣ. ಉಬ್ಬದೆ ಕುಳಿತರೆ ಅದು ಸೊಸೆಯ ಕೈಗುಣ. ಈ ನ್ಯಾಯ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎಂಥ ಹವೆ, ಎಷ್ಟು ನೀರು, ಎಷ್ಟು ಹೊತ್ತು ಎಂಬ ವಿಚಾರಣೆಯೇ ಇಲ್ಲದೆ ತೀರ್ಪು ಮಾತ್ರ ಹೊರಬೀಳುತ್ತದೆ. ಕಾರಣ ಕಾಣದ ಕಡೆ ಮನುಷ್ಯರನ್ನು ದೂರುವುದು ಲೋಕದ ಸ್ವಭಾವ. ಈ ಸ್ವಭಾವವನ್ನು ಗೆಲ್ಲುವ ಬಗೆ ಯಾವುದೆಂದು ತಿಳಿಯಬೇಕಾದರೆ, ಹುದುಗಿನ ಕೆಲಸವನ್ನೇ ಹಿಡಿದು ಬಹಳ ದೂರ ನಡೆದವರ ಅನುಭವವನ್ನು ನೋಡಬೇಕು. ಅಂಥವರು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮನೆಯಲ್ಲಿಯೇ ಬಾರ್ಲಿಯಿಂದ ಬೀರ್ ತಯಾರಿಸುವ ಹವ್ಯಾಸಿಗಳು.

ಬೀರ್ ಎಂದೊಡನೆ ಹುಬ್ಬು ಗಂಟಿಕ್ಕುವ ಓದುಗರಿಗೆ ಒಂದು ಮಾತು. ಇದು ಪಾನಕ್ಕೆ ಕೊಟ್ಟ ಆಹ್ವಾನವಲ್ಲ. 1965ರ ಅಬಕಾರಿ ಕಾಯಿದೆಯಂತೆ ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯೊಳಗೆ ಮಾಡಿದರೂ ಅಪರಾಧವೇ. ಆದರೆ ಇಂಗ್ಲೆಂಡಿನ ಸಂಪ್ರದಾಯ ಬೇರೆ. ಚಹ ಅಗ್ಗವಾಗಿ ಮನೆಮನೆಗೆ ಬರುವ ಮುನ್ನ ಅಲ್ಲಿ ತೆಳುವಾದ ಬೀರೇ ನಿತ್ಯದ ಪಾನೀಯ. ರೊಟ್ಟಿ ಸುಡುವಂತೆ ಅದನ್ನು ತಯಾರಿಸುವುದೂ ಗೃಹಿಣಿಯ ಕೆಲಸವೇ ಆಗಿತ್ತು. ವಿಲಿಯಂ ಕಾಬೆಟ್ ಎಂಬ ಲೇಖಕ 1822ರ ಹೊತ್ತಿಗೆ ಬಡ ಸಂಸಾರಗಳಿಗಾಗಿ ಬರೆದ ‘ಕಾಟೇಜ್ ಎಕಾನಮಿ’ ಎಂಬ ಪುಸ್ತಕ ಬೀರ್ ತಯಾರಿಕೆಯಿಂದಲೇ ಆರಂಭವಾಗುತ್ತದೆ. ಚಹವನ್ನು ಕಂಡರೆ ಆ ಮಹಾಶಯನಿಗೆ ಆಗುತ್ತಿರಲಿಲ್ಲ. ಮುಂದೆ 1880ರ ಕಾಯಿದೆ ಮನೆಯ ಬೀರಿಗೂ ಲೈಸೆನ್ಸ್ ಬೇಕೆಂದು ವಿಧಿಸಿತು. 1963ರಲ್ಲಿ ಆ ಕಟ್ಟು ಸಡಿಲಿತು. ಅಮೆರಿಕದಲ್ಲಿ ಮನೆಯ ಬೀರಿಗೆ ಒಪ್ಪಿಗೆ ಕೊಟ್ಟ ಕಾಯಿದೆಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಅಂದಿನಿಂದ ಆ ನಾಡುಗಳಲ್ಲಿ ಇದು ತೋಟಗಾರಿಕೆಯಂತೆ ಒಂದು ಗೃಹಸ್ಥ ಹವ್ಯಾಸವಾಗಿ ಬೆಳೆದಿದೆ.

ಕ್ರಮವನ್ನು ಕೇಳಿರಿ. ಬಾರ್ಲಿ ಎಂದರೆ ನಮ್ಮ ಜವೆಗೋಧಿ. ಅದನ್ನು ನೆನೆಸಿ, ಮೊಳೆಯಿಸಿ, ಮೊಳಕೆ ಬೆಳೆಯುವ ಮುನ್ನವೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮಲ್ಲಿ ಎಳೆಯ ಮಕ್ಕಳಿಗೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿಡುವ ರೂಢಿಯುಂಟಷ್ಟೆ, ಇದೂ ಅದೇ. ಮೊಳಕೆಯ ರಾಗಿಯ ಗಂಜಿ ಬರಿಯ ರಾಗಿಯ ಗಂಜಿಗಿಂತ ತೆಳುವಾಗಿ, ಸಿಹಿಯಾಗಿ ಇರುವುದನ್ನು ತಾಯಂದಿರು ಬಲ್ಲರು. ಕಾಳಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಶಕ್ತಿ ಮೊಳಕೆಯೊಡನೆ ಹುಟ್ಟುವುದೇ ಇದರ ರಹಸ್ಯ. ನಾಲ್ಕೈದು ಕಿಲೋ ಮಾಲ್ಟನ್ನು ತರಿತರಿಯಾಗಿ ಒಡೆದು, ಕಿಲೋವಿಗೆ ಮೂರು ಲೀಟರಿನಂತೆ ಬಿಸಿನೀರು ಬೆರೆಸಿ, 65ರಿಂದ 68 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಗಂಟೆ ಮುಚ್ಚಿಡುತ್ತಾರೆ. ಬಳಿಕ ಸೋಸಿ, ಕಾಳನ್ನು ಇನ್ನಷ್ಟು ಬಿಸಿನೀರಿನಿಂದ ತೊಳೆದು, ಬಂದ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಒಂದು ಗಂಟೆ ಕುದಿಸುತ್ತಾರೆ. ಬೇಗನೆ 20 ಡಿಗ್ರಿಗೆ ತಣಿಸಿ ಯೀಸ್ಟ್ ಸೇರಿಸಿದರೆ ಒಂದೆರಡು ವಾರಗಳಲ್ಲಿ ಸುಮಾರು 20 ಲೀಟರ್ ಬೀರ್ ಸಿದ್ಧ. ಅನಂತರ ಸ್ವಲ್ಪ ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿ ಬಿರಡೆ ಹಾಕುವುದಷ್ಟೆ ಉಳಿಯುತ್ತದೆ.

ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಹಿಂದಿನ ಕಾಲದ ಗೃಹಿಣಿಗೆ ಉಷ್ಣಮಾಪಕವಿರಲಿಲ್ಲ. ಕುದಿದ ನೀರಿನ ಹಬೆ ಅಡಗಿ, ಅದರಲ್ಲಿ ತನ್ನ ಮುಖ ಕಾಣುವಂತಾದಾಗ ಮಾಲ್ಟ್ ಸುರಿಯಬೇಕೆಂಬುದು ಅವಳ ಲೆಕ್ಕ. ಲೆಕ್ಕ ದಡ್ಡತನದ್ದಲ್ಲ, ಬಹುಪಾಲು ಸರಿಯಾಗಿಯೇ ಬರುತ್ತಿತ್ತು. ಆದರೆ ಚಳಿಗಾಲದಲ್ಲಿ ಒಂದು ಬಗೆ, ಬೇಸಗೆಯಲ್ಲಿ ಇನ್ನೊಂದು ಬಗೆ. ತಪ್ಪಿದ ದಿನ ಏಕೆ ತಪ್ಪಿತೆಂದು ಕೇಳಲು ಸಾಧನವಿರಲಿಲ್ಲ. ಲಂಡನ್ನಿನ ಬ್ರೂವರ್ ಮೈಕೇಲ್ ಕೊಂಬ್ರೂನ್ ಥರ್ಮಾಮೀಟರನ್ನು ಈ ಕೆಲಸಕ್ಕೆ ಹಚ್ಚಿ ಅದರ ಬಗ್ಗೆ ಬರೆದುದು 18ನೆಯ ಶತಮಾನದ ನಡುಭಾಗದಲ್ಲಿ. ಅಂದು ಮುಖಕ್ಕೆ ಬದಲು ಅಂಕೆ ಬಂದಿತು.

ಅಂಕೆ ಬಂದಮೇಲೆ ದೋಷಗಳಿಗೂ ಹೆಸರು ಬಂದಿತು. ಹವ್ಯಾಸಿಗಳನ್ನು ಮೊದಲು ಕಾಡುವುದು ಹುದುಗು ಏಳದಿರುವುದು. ಯೀಸ್ಟ್ ಹಾಕಿ ಎರಡು ದಿನವಾದರೂ ನೊರೆಯಿಲ್ಲ. ದ್ರವ ಇನ್ನೂ ಬಿಸಿಯಾಗಿದ್ದಾಗಲೇ ಹಾಕಿದರೆ ಯೀಸ್ಟ್ ಸತ್ತಿರುತ್ತದೆ; ಕೋಣೆ ತೀರ ತಣ್ಣಗಿದ್ದರೆ ನಿದ್ರಿಸುತ್ತಿರುತ್ತದೆ. ಸತ್ತುದಕ್ಕೆ ಹೊಸ ಯೀಸ್ಟ್ ಬೇಕು. ನಿದ್ರಿಸುವುದಕ್ಕೆ ಬೆಚ್ಚಗಿನ ಮೂಲೆ ಸಾಕು. ಇನ್ನೊಂದು ತೊಡಕು, ಹುದುಗು ಅರ್ಧದಾರಿಯಲ್ಲಿ ನಿಂತು ಬೀರ್ ಸಿಹಿಯಾಗಿಯೇ ಉಳಿಯುವುದು. ಮಾಲ್ಟನ್ನು 70 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ನೆನೆಸಿದರೆ ಯೀಸ್ಟ್ ತಿನ್ನಲಾರದಂಥ ಸಕ್ಕರೆಗಳೇ ಹೆಚ್ಚಾಗಿ ಹುಟ್ಟುತ್ತವೆ. ಪಿಷ್ಟ ಪೂರ್ತಿ ಕರಗಿತೋ ಇಲ್ಲವೋ ನೋಡಲು ಬಿಳಿಯ ತಟ್ಟೆಯಲ್ಲಿ ಒಂದು ಹನಿ ದ್ರವಕ್ಕೆ ಒಂದು ಹನಿ ಅಯೋಡಿನ್ ಬಿಡುತ್ತಾರೆ. ಕಪ್ಪುನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆ, ತುಸು ಕಾಯಬೇಕು.

ಹುಳಿಯಾಗುವುದು ಮತ್ತೊಂದು ಕಷ್ಟ. ದೋಸೆಗೆ ಹುಳಿ ಶೋಭೆ. ಸಾಮಾನ್ಯ ಬೀರಿಗೆ ಅದು ಕೇಡು. ಕುದಿಯುವ ಮುನ್ನ ಸೇರಿದ ಕ್ರಿಮಿಗಳು ಕುದಿಯಲ್ಲಿ ಸಾಯುತ್ತವೆ. ಕುದಿದ ಮೇಲೆ ಸೇರಿದವು ಯೀಸ್ಟಿನ ಪಾಲನ್ನು ಕಸಿದು ಹುಳಿಯೆಬ್ಬಿಸುತ್ತವೆ. ಆದಕಾರಣ ತಣಿದ ದ್ರವವನ್ನು ಮುಟ್ಟುವ ಪಾತ್ರೆ, ಸೌಟು, ಕೊಳವೆ ಎಲ್ಲವನ್ನೂ ತೊಳೆದರೆ ಸಾಲದು, ಕ್ರಿಮಿರಹಿತ ಮಾಡಬೇಕು. ಗೀರು ಬಿದ್ದ ಪ್ಲಾಸ್ಟಿಕ್ ಕೊಳವೆಯಲ್ಲಿ ಕೊಳೆ ಅಡಗಿರುವುದು ಕಣ್ಣಿಗೆ ಕಾಣುವುದಿಲ್ಲ. ಆಸ್ಪತ್ರೆಯ ಔಷಧದ ವಾಸನೆ ಬಂದರೆ ನಲ್ಲಿನೀರಿನ ಕ್ಲೋರೀನನ್ನು ಸಂದೇಹಿಸುತ್ತಾರೆ. ಹಸಿ ಸೇಬಿನ ಅಥವಾ ಬೆಣ್ಣೆಯ ವಾಸನೆ ಇದ್ದರೆ ಬೀರ್ ಇನ್ನೂ ಎಳಸು. ಕೆಲವು ದಿನ ಯೀಸ್ಟಿನ ಮೇಲೆಯೇ ಬಿಟ್ಟರೆ ಆ ಯೀಸ್ಟೇ ತಾನು ಮಾಡಿದ ದೋಷವನ್ನು ತಾನೇ ತಿದ್ದಿಕೊಳ್ಳುತ್ತದೆ. ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ ಬಂದರೆ ಹುದುಗು ತೀರ ಸೆಕೆಯಲ್ಲಿ ನಡೆದಿದೆ. ಬಿಸಿಲಿಗಿಟ್ಟ ಬಾಟಲಿಯಲ್ಲಿ ಹಾಪಿನ ಸಾರ ಕೆಟ್ಟು ದುರ್ನಾತ ಬೀರುತ್ತದೆ. ಕಂದುಬಣ್ಣದ ಬಾಟಲಿಗಳನ್ನು ಬಳಸುವುದು ಅಂದಕ್ಕಲ್ಲ, ಬೆಳಕನ್ನು ತಡೆಯುವುದಕ್ಕೆ.

ಇವೆಲ್ಲ ರುಚಿಗೆ ಸಂಬಂಧಿಸಿದ ಮಾತಾಯಿತು. ಒಂದು ದೋಷ ಮಾತ್ರ ಅಪಾಯದ್ದು. ಹುದುಗು ಮುಗಿಯುವ ಮುನ್ನವೇ ಬಾಟಲಿಗೆ ತುಂಬಿದರೆ, ಅಥವಾ ಕಡೆಯಲ್ಲಿ ಸಕ್ಕರೆ ಅತಿಯಾಗಿ ಬೆರೆಸಿದರೆ, ಒಳಗಿನ ಅನಿಲ ಬಾಟಲಿಯನ್ನು ಸಿಡಿಸಿ ಗಾಜಿನ ಚೂರುಗಳನ್ನು ಎರಚಬಲ್ಲುದು. ಇದಕ್ಕೆ ಪರಿಹಾರ ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕಡ್ಡಿ. ಆರಂಭದಲ್ಲಿ 1.045ರ ಆಸುಪಾಸು ತೋರುವ ದ್ರವ ಕೊನೆಗೆ 1.010ರ ಆಸುಪಾಸಿಗೆ ಇಳಿಯುತ್ತದೆ. ಎರಡು ಮೂರು ದಿನಗಳ ಅಂತರದಲ್ಲಿ ನೋಡಿದಾಗ ಒಂದೇ ಅಂಕೆ ಬಂದರೆ ಹುದುಗು ಮುಗಿಯಿತೆಂದು ಅರ್ಥ. ಗುಳ್ಳೆ ನಿಂತಿತೆಂದು ಕಣ್ಣು ಹೇಳಬಹುದು. ಕಡ್ಡಿ ಒಪ್ಪುವತನಕ ಜಾಣರು ಬಿರಡೆ ಹಾಕುವುದಿಲ್ಲ.

ಈ ದೋಷಗಳ ಬೇರನ್ನು ಕಂಡ ಮಹಾನುಭಾವರಲ್ಲಿ ಲೂಯಿ ಪಾಶ್ಚರ್ ಅಗ್ರಗಣ್ಯ. 1871ರಲ್ಲಿ ಆತ ಲಂಡನ್ನಿನ ವಿಟ್‌ಬ್ರೆಡ್ ಎಂಬ ದೊಡ್ಡ ಬೀರ್ ಕಾರ್ಖಾನೆಗೆ ಹೋಗಿ, ಅಲ್ಲಿಯ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಪರಕೀಯ ಜೀವಿಗಳು ಬೆರೆತಿರುವುದನ್ನು ತೋರಿಸಿದ. ಒಂದು ವಾರ ಕಳೆದು ಮತ್ತೆ ಹೋದಾಗ ಕಾರ್ಖಾನೆಯವರು ಸೂಕ್ಷ್ಮದರ್ಶಕವೊಂದನ್ನು ಕೊಂಡಿದ್ದರು. ಬೀರನ್ನು ಕುರಿತ ಅವನ ಗ್ರಂಥ 1876ರಲ್ಲಿ ಪ್ರಕಟವಾಯಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಒಂದೇ ಒಂದು ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದ. ಕಾರ್ಖಾನೆಯ ಒಡೆಯ ಯಾಕೋಬ್ಸನ್ ಅದನ್ನು ಬಚ್ಚಿಡದೆ ಇತರ ಬ್ರೂವರುಗಳಿಗೂ ಹಂಚಿದ. ತಿಳಿವಳಿಕೆಯನ್ನು ಗುಟ್ಟಾಗಿಡದೆ ಹಂಚಿದ ಈ ಕಾರ್ಯವೇ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುತ್ತದೆ.

ಕನ್ನಡದ ಮೇಷ್ಟರಾದವರು ಪದವೊಂದರ ಕಥೆ ಹೇಳದೆ ಬಿಡುವುದುಂಟೆ? ಮೊಳೆತ ಬಾರ್ಲಿಯಲ್ಲಿ ಪಿಷ್ಟವನ್ನು ಒಡೆಯುವ ವಸ್ತುವನ್ನು ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ 1833ರಲ್ಲಿ ಬೇರ್ಪಡಿಸಿದರು. ಇಂಥ ವಸ್ತುಗಳಿಗೆ ಮುಂದೆ ‘ಎಂಜೈಮ್’ ಎಂಬ ಹೆಸರು ಬಂದಿತು. ಗ್ರೀಕಿನಲ್ಲಿ ಅದರ ಅರ್ಥ ‘ಹುದುಗಿನೊಳಗೆ’ ಎಂದು. ಕನ್ನಡದಲ್ಲಿ ನಾವು ಅದನ್ನು ಕಿಣ್ವ ಎನ್ನುತ್ತೇವೆ. ಈ ಕಿಣ್ವ ಹೊಸದಾಗಿ ಕಟ್ಟಿದ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಸುರೆಗೆ ಬೆರೆಸುವ ಹುದುಗಿಗೆ ಇದೇ ಹೆಸರು. ಅದನ್ನು ಮಾಡುವುದು ಯಾವುದರಿಂದ ಎಂದುಕೊಂಡಿರಿ? ಉದ್ದು ಮತ್ತು ಅಕ್ಕಿಯಿಂದ! ಶುಭಕಾರ್ಯಗಳಲ್ಲಿ ಗೃಹಸ್ಥರು ಮನೆಯಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಆ ಪ್ರಕರಣ ಅನುಮತಿಯನ್ನೂ ಕೊಡುತ್ತದೆ. ಲಂಡನ್ನಿನ ಲೈಸೆನ್ಸಿನ ಚರ್ಚೆ ನಮಗೆ ಹೊಸತಲ್ಲವೆಂದಾಯಿತು.

ಹಾಗಾದರೆ ನಮ್ಮ ಮನೆಯ ಹಿಟ್ಟಿಗೂ ಇದಕ್ಕೂ ಏನು ನಂಟು? ಇಡ್ಲಿಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಯೀಸ್ಟಿಗಿಂತ ಉದ್ದಿನೊಡನೆ ಬರುವ ಬ್ಯಾಕ್ಟೀರಿಯಗಳ ಪಾತ್ರವೇ ಹಿರಿದು. ಆದರೂ ಜೀವಿ ಯಾವುದಾದರೇನು, ಅದಕ್ಕೂ ತನ್ನ ಶಾಖ, ತನ್ನ ಹೊತ್ತು, ತನ್ನ ಆಹಾರ ಬೇಕು. ಮಾರ್ಗಶಿರದ ಚಳಿಯಲ್ಲಿ ಅದು ಮೆಲ್ಲನೆ ನಡೆಯುತ್ತದೆ. ಚೈತ್ರದ ಸೆಕೆಯಲ್ಲಿ ಓಡುತ್ತದೆ. ರುಬ್ಬುವಾಗ ಹಿಟ್ಟು ಎಷ್ಟು ಬಿಸಿಯೇರಿತು, ಉದ್ದು ಎಷ್ಟು ಹಳೆಯದು, ನೀರು ಎಷ್ಟು ಬೆರೆಯಿತು, ಪಾತ್ರೆಯನ್ನು ಒಲೆಯ ಬಳಿ ಇಟ್ಟಿತ್ತೆ ಕಿಟಕಿಯ ಬಳಿಯೆ? ಇವು ಕೇಳಬೇಕಾದ ಪ್ರಶ್ನೆಗಳು. ಹುಟ್ಟಿದ ಮನೆ ಬಿಟ್ಟು ಬಂದ ಹುಡುಗಿ ಹೊಸ ಅಡುಗೆಮನೆಯಲ್ಲಿ ಮೊದಲ ಬಾರಿ ರುಬ್ಬಿದ ಹಿಟ್ಟು ಉಬ್ಬದಿದ್ದಾಗ ಈ ಪ್ರಶ್ನೆಗಳನ್ನು ಕೇಳುವವರಿಲ್ಲದೆ ಅವಳ ಕಣ್ಣು ಒದ್ದೆಯಾದುದು ಎಷ್ಟು ಮನೆಗಳಲ್ಲಿಯೋ!

ಬೀರ್ ಮಾಡುವ ಹವ್ಯಾಸಿಗಳಿಂದ ನಾವು ಕಡ ತರಬೇಕಾದುದು ಪಾನವನ್ನಲ್ಲ, ಅವರ ನೋಟ್‌ಪುಸ್ತಕವನ್ನು. ದಿನ, ಶಾಖ, ತೂಕ, ಹೊತ್ತು, ಫಲ ಎಂದು ಪ್ರತಿ ಸಲವೂ ಬರೆದಿಡುತ್ತಾರೆ. ಕೆಟ್ಟರೆ ಮುಂದಿನ ಸಲ ಎಲ್ಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ. ಒಂದನ್ನು ಮಾತ್ರ ಬದಲಿಸಿ ನೋಡುತ್ತಾರೆ. ದೋಷವಿದ್ದುದು ಎಲ್ಲಿ ಎಂಬುದು ಆಗ ತಾನಾಗಿ ಬಯಲಾಗುತ್ತದೆ.

ಕೈಗುಣವೆಂಬುದು ಇಲ್ಲವೇ ಇಲ್ಲವೆಂದು ನಾನು ಹೇಳಲಾರೆ. ನಾಲ್ವತ್ತು ವರ್ಷ ಹಿಟ್ಟು ಕಲಸಿದ ಅಜ್ಜಿ ಪಾತ್ರೆಯನ್ನು ಮುಟ್ಟಿ ನೋಡಿಯೇ ಇಂದು ಇನ್ನೆರಡು ಗಂಟೆ ಬೇಕೆನ್ನುತ್ತಾಳೆ. ಅದು ಅದೃಷ್ಟವಲ್ಲ, ಬರೆಯದೆ ಉಳಿದ ವಿದ್ಯೆ. ಅಂಥ ಅಜ್ಜಿ ಮನೆಯಲ್ಲಿದ್ದರೆ, ಓದುಗರೆ, ಈ ಭಾನುವಾರ ಅವಳ ಪಕ್ಕದಲ್ಲಿ ಕುಳಿತು, ಆ ಎರಡು ಗಂಟೆ ಏಕೆಂದು ಕೇಳಿ ಬರೆದುಕೊಳ್ಳಿರಿ.