ದೊಡ್ಡಿಯ ದನಕ್ಕಿದ್ದ ನ್ಯಾಯ ಬೀದಿಯ ವಾಹನಕ್ಕೆ ಬೇಡವೆ?

ನಿಷಿದ್ಧ ಸ್ಥಳಗಳಲ್ಲಿ ನಿಲ್ಲಿಸಿದ ವಾಹನಗಳನ್ನು ಖಾಸಗಿ ಗುತ್ತಿಗೆದಾರರ ಮೂಲಕ ಎತ್ತಿ ಸಾಗಿಸುವ ಪದ್ಧತಿಯು, ಜನರ ಬಾಯಲ್ಲಿ 'ಟೋಯಿಂಗ್' ಎಂದೇ ರೂಢಿಯಾಗಿರುವ ಏರ್ಪಾಡು, ಬೆಂಗಳೂರು ನಗರದಲ್ಲಿ 2022ನೆಯ ಇಸವಿಯ ಆರಂಭದಲ್ಲಿ ಮಹಾಜನರ ಆಕ್ರೋಶಕ್ಕೆ ಗುರಿಯಾಗಿ ಸರ್ಕಾರದಿಂದ ತಡೆಹಿಡಿಯಲ್ಪಟ್ಟಿತು. ಟೋಯಿಂಗ್ ವಾಹನದೊಡನಿದ್ದ ಪೋಲೀಸ್ ಅಧಿಕಾರಿಯೊಬ್ಬರು ಅಂಗವಿಕಲ ಮಹಿಳೆಯೊಬ್ಬರನ್ನು ನಡುಬೀದಿಯಲ್ಲಿ ಒದ್ದ ದೃಶ್ಯವನ್ನು ನಾಡೆಲ್ಲ ಕಂಡಿತು. ಆಕೆ ಕಲ್ಲೆಸೆದರೆಂಬುದು ಅಧಿಕಾರಿಯ ಪಕ್ಷದ ಮಾತು. ಎಸೆದಿದ್ದರೂ ಆಕೆಯನ್ನು ನ್ಯಾಯಾಸ್ಥಾನಕ್ಕೆ ಒಪ್ಪಿಸಬಹುದಾಗಿತ್ತೇ ಹೊರತು ಕಾಲೆತ್ತುವ ಅಧಿಕಾರವನ್ನು ಯಾವ ಶಾಸನವೂ ಯಾರಿಗೂ ಕೊಟ್ಟಿಲ್ಲ. ಆ ಅಧಿಕಾರಿ ಅಮಾನತಾದರು. ಆದರೆ ಒಬ್ಬನನ್ನು ಅಮಾನತು ಮಾಡಿದ ಮಾತ್ರಕ್ಕೆ ಪದ್ಧತಿಯ ದೋಷ ನೀಗುವುದಿಲ್ಲ. ಈ ಏರ್ಪಾಡನ್ನು ಮತ್ತೆ ತರಬೇಕೆಂಬ ಮಾತು ಅಂದಿನಿಂದ ಪದೇ ಪದೇ ಏಳುತ್ತಿರುವುದರಿಂದ, ಅದು ಯಾವ ನಿಯಮಗಳಿಗೆ ಒಳಪಟ್ಟು ನಡೆಯತಕ್ಕದ್ದೆಂಬುದನ್ನು ವಿಚಾರಮಾಡುವುದು ಯುಕ್ತವಾಗಿದೆ.

ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳೋಣ. ಅಂಗಡಿಯ ಬಾಗಿಲಿಗೇ ಗಾಡಿಯನ್ನು ಒಯ್ಯಬೇಕೆಂಬ ಸೋಮಾರಿತನ, 'ಎರಡೇ ನಿಮಿಷ' ಎಂದು ತಿರುವಿನಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಮರೆಯಾಗುವ ಉಪೇಕ್ಷೆ, ಇವು ವಿದ್ಯಾವಂತರಲ್ಲಿಯೇ ಹೆಚ್ಚು. ಹೀಗೆ ನಿಂತ ಒಂದು ಗಾಡಿಯಿಂದ ರೋಗಿಯನ್ನು ಹೊತ್ತ ಆಂಬುಲೆನ್ಸು ತಡೆದು ನಿಂತರೆ ಅದರ ಪಾಪ ನಿಲ್ಲಿಸಿದವನದೇ. ಆದುದರಿಂದ ಅಡ್ಡವಾದ ವಾಹನವನ್ನು ತೆರವುಗೊಳಿಸುವ ಅಧಿಕಾರ ಪೋಲೀಸರಿಗೆ ಬೇಡವೆಂದು ನಾವು ಹೇಳುವವರಲ್ಲ.

ಆದರೆ ಆ ಅಧಿಕಾರದ ಎಲ್ಲೆ ಯಾವುದು? 1988ರ ಮೋಟಾರು ವಾಹನ ಕಾಯಿದೆಯ 127ನೆಯ ಪ್ರಕರಣವು ಇದನ್ನು ಸ್ಪಷ್ಟಪಡಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿದ್ದಿರುವ ವಾಹನವನ್ನಾಗಲಿ, ನಿಲುಗಡೆ ನಿಷೇಧಿಸಿದ ಸ್ಥಳದಲ್ಲಿರುವ ವಾಹನವನ್ನಾಗಲಿ ಸಾಗಿಸಲು, ಆ ಸರಹದ್ದಿನ ಸಮವಸ್ತ್ರಧಾರಿ ಪೋಲೀಸ್ ಅಧಿಕಾರಿಯು ಅಪ್ಪಣೆ ಕೊಡಬಹುದು. ಸಾಗಣೆಯ ವೆಚ್ಚವನ್ನು ಮಾಲೀಕನು ದಂಡದ ಹೊರತಾಗಿ ತೆರಬೇಕು. ಅಪ್ಪಣೆ ಕೊಡುವವನು ಅಧಿಕಾರಿ, ಎತ್ತುವವನು ಕೂಲಿಯವನು. ಇದು ಶಾಸನದ ಆಶಯ. ಬೀದಿಯಲ್ಲಿ ಜನರು ಕಂಡುದಾದರೋ ಇದಕ್ಕೆ ವಿಪರೀತ. ಗುತ್ತಿಗೆದಾರನ ಹುಡುಗರು ಚಲಿಸುವ ಗಾಡಿಯಿಂದ ಧುಮುಕಿ ಕೈಗೆ ಸಿಕ್ಕ ಸ್ಕೂಟರುಗಳನ್ನು ಎತ್ತಿ ಒಗೆಯುವುದು, ಅಧಿಕಾರಿ ಮುಂದಿನ ಪೀಠದಲ್ಲಿ ಕುಳಿತೇ ಇರುವುದು, ಮಾಲೀಕನು ಓಡಿಬಂದು ಕೈಮುಗಿದರೂ ಗಾಡಿ ನಿಲ್ಲದಿರುವುದು.

ಇದಕ್ಕೆ ಮೂಲಕಾರಣ ಮನುಷ್ಯರ ದುಷ್ಟತನವಲ್ಲ, ಕೂಲಿಯ ಲೆಕ್ಕ. ಎತ್ತಿದ ವಾಹನವೊಂದಕ್ಕೆ ಇಷ್ಟೆಂದು ಹಣ ಸಿಗುವಾಗ, ಗುತ್ತಿಗೆದಾರನಿಗೆ ರಸ್ತೆಯ ಅಡ್ಡಿ ಮುಖ್ಯವಲ್ಲ, ವಾಹನದ ಎಣಿಕೆ ಮುಖ್ಯ. ಹಗುರವಾದ ಸ್ಕೂಟರು ಬೇಗ ಏಳುತ್ತದೆ. ಭಾರವಾದ ಕಾರು ನಿಂತಲ್ಲೇ ನಿಲ್ಲುತ್ತದೆ. ತುಕ್ಕು ಹಿಡಿದು ತಿಂಗಳುಗಟ್ಟಲೆ ಬೀದಿಯಲ್ಲಿ ಕೊಳೆಯುವ ಅನಾಥ ಗಾಡಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವವರಿಲ್ಲದ ಕಾರಣ ಅದನ್ನು ಮುಟ್ಟುವವರೇ ಇಲ್ಲ. ನಮ್ಮ ನಾಡಿಗೆ ಈ ಪಾಠ ಹೊಸದಲ್ಲ. ಹಿಂದೆ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ಕಟ್ಟಿಯೇ ತೀರುವೆವೆಂದು ಒಪ್ಪಿಕೊಂಡು ಅಧಿಕಾರ ನಡೆಸುವ 'ಶರತ್ತು' ಪದ್ಧತಿಯಿತ್ತು. ರೈತರನ್ನು ಹಿಂಡಿದ ಆ ಪದ್ಧತಿಯು 1830-31ರ ನಗರದ ದಂಗೆಗೆ ಕಾರಣಗಳಲ್ಲೊಂದಾಯಿತು. 1831ರಲ್ಲಿ ಆಡಳಿತವೇ ಅರಸರ ಕೈತಪ್ಪಿ ಐವತ್ತು ವರ್ಷ ಪರರ ಪಾಲಾಯಿತು. ದಂಡನೆಯ ಅಧಿಕಾರವನ್ನು ಲಾಭದ ಆಸೆಯೊಡನೆ ಗಂಟುಹಾಕಿದರೆ ಬೇಲಿಯೇ ಎದ್ದು ಹೊಲ ಮೇಯುವುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಹಳ್ಳಿಗರಿಗೆ ಇನ್ನೂ ಪರಿಚಿತವಾದ ಹೋಲಿಕೆಯೊಂದುಂಟು: ದೊಡ್ಡಿ. ಪೈರು ಮೇಯ್ದ ದನವನ್ನು ಹಿಡಿದು ದೊಡ್ಡಿಗೆ ಹೊಡೆಯುವ ವಿಷಯದಲ್ಲಿ ಬ್ರಿಟಿಷ್ ಸರ್ಕಾರ 1871ರಲ್ಲಿ ಕಾಯಿದೆಯೊಂದನ್ನು ಮಾಡಿತು. ಹಿಡಿದ ದನವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ದೊಡ್ಡಿಗೆ ಸೇರಿಸಬೇಕು. ದನದ ಗುರುತು, ಹಿಡಿದು ತಂದ ದಿನ ಮತ್ತು ಗಳಿಗೆ, ತಂದವನ ಹೆಸರು, ಊರು ಇವನ್ನು ದೊಡ್ಡಿಯವನು ಪುಸ್ತಕದಲ್ಲಿ ಬರೆಯಬೇಕು. ಅನ್ಯಾಯವಾಗಿ ಹಿಡಿದಿದ್ದರೆ ಮಾಲೀಕನು ಹತ್ತು ದಿನದೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದು. ದೂರು ನಿಜವಾದರೆ ತೆತ್ತ ದಂಡವಲ್ಲದೆ ನೂರು ರೂಪಾಯಿಯವರೆಗೆ ಪರಿಹಾರವೂ ದೊರೆಯುವುದು. ಪರಕೀಯರ ಶಾಸನವು ಬಡ ರೈತನ ಹಸುವಿಗೆ ಕೊಟ್ಟಷ್ಟು ರಕ್ಷಣೆಯನ್ನು, ಸ್ವತಂತ್ರ ಭಾರತದ ಸರ್ಕಾರವು ತನ್ನ ಪ್ರಜೆಯ ವಾಹನಕ್ಕೆ ಕೊಡಲಾರದೆ?

ಆದುದರಿಂದ, ಟೋಯಿಂಗ್ ನಡೆಯುವ ಪ್ರತಿಯೊಂದು ನಗರದಲ್ಲಿಯೂ ಈ ನಿಯಮಗಳು ಇರತಕ್ಕವೆಂದು ನಮ್ಮ ಅಭಿಪ್ರಾಯ. ನಿಷೇಧದ ಫಲಕ ಕಣ್ಣಿಗೆ ಕಾಣುವಂತಿಲ್ಲದ ಕಡೆ ವಾಹನವನ್ನು ಮುಟ್ಟಕೂಡದು. ಗುತ್ತಿಗೆದಾರನಿಗೆ ದಿನಕ್ಕೋ ತಿಂಗಳಿಗೋ ಗೊತ್ತಾದ ಬಾಡಿಗೆ ಸಲ್ಲಬೇಕು, ಎಣಿಕೆಯ ಮೇಲಲ್ಲ. ಅಧಿಕಾರಿ ಕೆಳಗಿಳಿದು, ಕೂಗಿ ಎಚ್ಚರಿಸಿ, ಭಾವಚಿತ್ರ ತೆಗೆದು, ತನ್ನ ಹೆಸರಿನಲ್ಲಿ ಅಪ್ಪಣೆ ಬರೆದ ಮೇಲೆಯೇ ವಾಹನ ಏಳಬೇಕು. ಹೊರಡುವ ಮುನ್ನ ಮಾಲೀಕನು ಬಂದರೆ ದಂಡವನ್ನು ಮಾತ್ರ ತೆಗೆದುಕೊಂಡು ವಾಹನವನ್ನು ಅಲ್ಲಿಯೇ ಬಿಡಬೇಕು. ವಾಹನಕ್ಕೆ ಜಖಮಾದರೆ ಗುತ್ತಿಗೆದಾರನು ತೆರಬೇಕು. ದರಪಟ್ಟಿಯನ್ನು ಕನ್ನಡದಲ್ಲಿ ತೂಗುಹಾಕಿ, ಪ್ರತಿ ಕಾಸಿಗೂ ರಸೀತಿ ಕೊಡಬೇಕು. ಪೋಲೀಸರಲ್ಲದ ಬೇರೊಬ್ಬ ಅಧಿಕಾರಿಯ ಮುಂದೆ ಹತ್ತು ದಿನದೊಳಗೆ ಮೇಲ್ಮನವಿಗೆ ಅವಕಾಶವಿರಬೇಕು.

ಇವುಗಳಲ್ಲಿ ಕೆಲವನ್ನು ಅಧಿಕಾರಿಗಳು ಆಗಾಗ್ಗೆ ಸುತ್ತೋಲೆಗಳಲ್ಲಿ ಹೇಳಿಲ್ಲವೆಂದಲ್ಲ. ಸುತ್ತೋಲೆಯು ಅಧಿಕಾರಿ ಬದಲಾದೊಡನೆ ಮರೆಯಾಗುತ್ತದೆ; ನಿಯಮವಾಗಿ ಗೆಜೆಟ್ಟಿನಲ್ಲಿ ಪ್ರಕಟವಾದುದನ್ನು ಪ್ರಜೆಯು ನ್ಯಾಯಾಸ್ಥಾನದಲ್ಲಿ ಎತ್ತಿ ತೋರಿಸಬಲ್ಲನು. ದಿನಗೂಲಿಯವನು ಸ್ಕೂಟರನ್ನು ಬಿಡಿಸಿಕೊಳ್ಳಲು ತೆರುವ ಹಣ ಅವನ ಮನೆಯ ಕೆಲವು ದಿನಗಳ ಅನ್ನ. ತಪ್ಪು ಮಾಡಿದ್ದರೆ ತೆರಲಿ. ಆದರೆ ತಾನು ಕಾನೂನಿಗೆ ತೆತ್ತೆನೆಂಬ ಭಾವನೆ ಅವನಿಗಿರಬೇಕು, ದರೋಡೆಗೆ ಸಿಕ್ಕೆನೆಂಬುದಲ್ಲ. ಸರ್ಕಾರದವರು ಗುತ್ತಿಗೆಯ ಟೆಂಡರನ್ನು ಕರೆಯುವ ಮೊದಲು ಈ ನಿಯಮಗಳನ್ನು ಪ್ರಕಟಿಸುವರೆಂದು ಆಶಿಸುತ್ತೇವೆ.